ಎರಡು ಬೇರುಗಳ ಗುಟ್ಟು

ರೋಮಿಗೆ ಹೊರಟಿದ್ದ ಪೌಸಾನಿಯಸ್ ಎಂಬ ಪಂಡಿತ ದಾರಿಯಲ್ಲಿ ಗಾಡಿಯಿಂದ ಉರುಳಿಬಿದ್ದ. ಆಮೇಲೆ ಅವನ ಕಿರುಬೆರಳು, ಉಂಗುರಬೆರಳು, ನಡುಬೆರಳಿನ ಅರ್ಧಭಾಗ ಮರಗಟ್ಟಿದವು. ವೈದ್ಯರು ಬೆರಳಿಗೆ ಲೇಪ ಹಚ್ಚಿದ್ದೇ ಹಚ್ಚಿದ್ದು, ಗುಣ ಕಾಣಲಿಲ್ಲ. ಎರಡನೇ ಶತಮಾನದ ವೈದ್ಯ ಗ್ಯಾಲೆನ್ ಬೆರಳನ್ನು ಬಿಟ್ಟು ಬಿದ್ದ ಕತೆಯನ್ನು ಕೇಳಿದ. ಪೆಟ್ಟು ಬೆನ್ನಿನ ಮೇಲ್ಭಾಗಕ್ಕೆ ಬಿದ್ದಿತ್ತು. ಮದ್ದು ಅಲ್ಲಿಗೆ ಹೋಯಿತು, ಬೆರಳು ಸರಿಹೋದವು. ಒಂದು ಒಗಟು ಮಾತ್ರ ಕಾಡುವಂಥದು. ಮುಟ್ಟಿದ್ದು ತಿಳಿಯದಿದ್ದರೂ ಆ ಬೆರಳುಗಳು ಆಡುತ್ತಿದ್ದುದು ಹೇಗೆ?

ಬೆನ್ನುಹುರಿಯ ಪ್ರತಿ ನರಕ್ಕೂ ಮುಂದೊಂದು, ಹಿಂದೊಂದು ಬೇರು ಇರುವುದು ಶರೀರ ಕೊಯ್ದವರಿಗೆಲ್ಲ ಗೊತ್ತಿತ್ತು. ಎರಡೇಕೆ ಎಂಬುದು ಗೊತ್ತಿರಲಿಲ್ಲ. ಲಂಡನ್ನಿನಲ್ಲಿದ್ದ ಸ್ಕಾಟಿಷ್ ವೈದ್ಯ ಚಾರ್ಲ್ಸ್ ಬೆಲ್ ಪ್ರಾಣಿಯೊಂದರ ಹಿಂದಿನ ಬೇರನ್ನು ಕತ್ತರಿಸಿದ. ಬೆನ್ನಿನ ಸ್ನಾಯು ಮಿಸುಕಲಿಲ್ಲ. ಮುಂದಿನ ಬೇರಿಗೆ ಚಾಕುವಿನ ತುದಿ ತಾಗಿತೋ ಇಲ್ಲವೋ, ಸ್ನಾಯುಗಳು ಸೆಟೆದುಕೊಂಡವು. 1811ರಲ್ಲಿ ಅವನು ಇದನ್ನು ಕಿರುಹೊತ್ತಗೆಯಾಗಿ ಅಚ್ಚುಹಾಕಿಸಿ ಗೆಳೆಯರಿಗೆ ಹಂಚಿದ. ಸ್ಪರ್ಶದ ದಾರಿ ಹಿಂದಿನ ಬೇರೇ ಎಂಬುದು ಮಾತ್ರ ಅವನಿಗೆ ಹೊಳೆಯಲಿಲ್ಲ. ಬಾಗಿಲವರೆಗೆ ಬಂದವನು ಕದ ತಟ್ಟದೆ ಹೋದ.

ಪ್ಯಾರಿಸ್ಸಿನ ಫ್ರಾಂಸ್ವಾ ಮಜಾಂಡಿ ಹಟಮಾರಿ. ಹುರಿಗೆ ಗಾಯವಾಗದಂತೆ ಬೆನ್ನುಮೂಳೆ ತೆರೆಯಲು ಎಷ್ಟೋ ಸಲ ಹೋಗಿ ಸೋತಿದ್ದ. 1822ರಲ್ಲಿ ಯಾರೋ ಆರು ವಾರದ ಎಂಟು ನಾಯಿಮರಿಗಳನ್ನು ತಂದುಕೊಟ್ಟರು. ಎಳೆಯ ಮೂಳೆ ಹರಿತವಾದ ಚಾಕುವಿಗೆ ಸುಲಭವಾಗಿ ಬಿಟ್ಟುಕೊಟ್ಟಿತು. ಅರಿವಳಿಕೆ ಇಲ್ಲದ ಕಾಲ. ಆ ಮರಿಗಳು ತೆತ್ತ ಬೆಲೆ ಸಣ್ಣದಲ್ಲ. ಒಂದು ಕಡೆಯ ಹಿಂಬೇರುಗಳನ್ನು ಕತ್ತರಿಸಿ ಗಾಯ ಹೊಲಿದು ಕಾದ. ಚುಚ್ಚಿದರೆ ಕಾಲಿಗೆ ಅರಿವಿಲ್ಲ, ಚಲನೆಯೂ ಇಲ್ಲ. ಪೂರ್ತಿ ಲಕ್ವ ಎಂದುಕೊಳ್ಳುವಷ್ಟರಲ್ಲಿ ಆ ಕಾಲು ಆಡಿತು! ಎರಡನೇ ಮರಿ, ಮೂರನೇ ಮರಿ, ಅದೇ ಫಲ.

ಇನ್ನು ಮುಂಬೇರು. ಅದು ಹುರಿಯ ಮರೆಯಲ್ಲಿ ಅಡಗಿತ್ತು. ಎರಡು ದಿನ ಅದೇ ಧ್ಯಾನ. ಕಣ್ಣಿನ ಪೊರೆ ತೆಗೆಯುವಂಥ ಸಪೂರ ಚಾಕುವನ್ನು ತೂರಿಸಿ ನೋಡಿದ. ಒಳಗಿನ ದಪ್ಪ ರಕ್ತನಾಳಗಳು ಹರಿದು ಕೆಲಸ ಕೆಟ್ಟಿತು. ಹೀಗೆ ಒದ್ದಾಡುವಾಗಲೇ ಒಂದು ಸಂಗತಿ ಕಣ್ಣಿಗೆ ಬಿತ್ತು. ಹುರಿಯ ಹೊದಿಕೆಯನ್ನು ಮೆಲ್ಲಗೆ ಎಳೆದರೆ, ಅದನ್ನು ತೂರಿ ಹೊರಬರುವ ಕಡೆ ಮುಂಬೇರುಗಳು ಕಂತೆಕಂತೆಯಾಗಿ ಕಾಣುತ್ತಿದ್ದವು. ಕೆಲವೇ ಕ್ಷಣಗಳಲ್ಲಿ ಕತ್ತರಿಸಿ ಮುಗಿಸಿದ. ಈ ಸಲ ಕಾಲು ಜೋತುಬಿತ್ತು, ಅರಿವು ಮಾತ್ರ ಹಾಗೇ ಇತ್ತು.

ಸಂಶಯಕ್ಕೆ ಎಡೆಯಿರಬಾರದೆಂದು ಅವನು ಕಾಸರಕದ ವಿಷವನ್ನೂ ಪ್ರಯೋಗಿಸಿದ. ಅದು ಮೈಯೆಲ್ಲ ಸೆಟೆಯಿಸುವ ವಿಷ. ಹಿಂಬೇರು ಕಡಿದ ಪ್ರಾಣಿಯ ಕಾಲೂ ಸೆಟೆಯಿತು. ಮುಂಬೇರು ಕಡಿದ ಕಾಲು ಮಾತ್ರ ಸುಮ್ಮನೆ ಬಿದ್ದಿತ್ತು.

ಆಮೇಲೆ ಜಗಳ. ಕೀರ್ತಿ ತನ್ನದೆಂದು ಬೆಲ್ ಪಟ್ಟುಹಿಡಿದ. ಬೆಲ್ ಬೇರು ಕತ್ತರಿಸಿದ್ದನ್ನು ಮಜಾಂಡಿ ಒಪ್ಪಿದ, ಹಿಂಬೇರಿನ ಗುಟ್ಟು ಬಿಡಿಸಿದ್ದು ತಾನೇ ಎಂದ. 1831ರಲ್ಲಿ ಜರ್ಮನಿಯ ಯೊಹಾನೆಸ್ ಮ್ಯುಲ್ಲರ್ ಕಪ್ಪೆಗಳಲ್ಲಿ ಪರೀಕ್ಷಿಸಿದಾಗಲೂ ಅದೇ ಫಲ ಬಂತು. ಇಂದು ಆ ನಿಯಮಕ್ಕೆ ಬೆಲ್, ಮಜಾಂಡಿ ಇಬ್ಬರ ಹೆಸರೂ ಇದೆ.

ಮನುಷ್ಯನಲ್ಲಿ ಇಂಥ ನರಗಳು 31 ಜೊತೆ: ಕತ್ತಿನಲ್ಲಿ 8, ಎದೆಮಟ್ಟದಲ್ಲಿ 12, ಸೊಂಟದಲ್ಲಿ 5, ತ್ರಿಕದಲ್ಲಿ 5, ಬಾಲಮೂಳೆಯ ಬಳಿ 1. ಹಿಂಬೇರು ಸುದ್ದಿ ತರುತ್ತದೆ, ಮುಂಬೇರು ಅಪ್ಪಣೆ ಒಯ್ಯುತ್ತದೆ. ಎರಡೂ ಕೂಡಿದ ನರ ಮೈಯಲ್ಲಿ ತನ್ನ ಪಾಲಿನ ಪಟ್ಟಿಗೆ ಹರಡುತ್ತದೆ. ಸರ್ಪಸುತ್ತಿನ ವೈರಾಣು ಅಡಗಿ ಕೂರುವುದು ಹಿಂಬೇರಿನ ಗಂಟಿನಲ್ಲಿ. ಅದಕ್ಕೇ ಆ ಗುಳ್ಳೆಗಳು ಮೈಯ ಒಂದೇ ಮಗ್ಗುಲಿಗೆ ಪಟ್ಟಿಯಂತೆ ಏಳುತ್ತವೆ. ಉರಿ ತಡೆಯಲಾಗದು, ಆದರೆ ಸಾಮಾನ್ಯವಾಗಿ ಸ್ನಾಯುವಿನ ಬಲ ಕುಂದುವುದಿಲ್ಲ.