ಕ್ಯಾನ್ಸರ್ ಮರಳಿದಾಗ: ಎಷ್ಟು ತಿಂಗಳಾಯ್ತು ಅಂತ ಮೊದಲು ಕೇಳಿ

ತುರುವೇಕೆರೆ ಕಡೆಯ ಮನೆಯಲ್ಲಿ ಅಂಡಾಶಯದ ಕ್ಯಾನ್ಸರ್ ಮರಳಿದೆ ಅಂತ ಗೊತ್ತಾದರೆ, 'ಕೊಬ್ಬರಿ ಮಾರಿಯಾದ್ರೂ ಇನ್ನೊಂದು ಕೀಮೋ ಕೊಡ್ಸೋಣ' ಅನ್ನೋದೇ ಮೊದಲ ಮಾತು. ಅದಕ್ಕೂ ಮೊದಲಿನ ಪ್ರಶ್ನೆ ಬೇರೆ: ಕಾರ್ಬೊಪ್ಲಾಟಿನ್‌ನಂಥ ಪ್ಲಾಟಿನಂ ಔಷಧಿಯ ಕೊನೇ ಡೋಸ್ ಆಗಿ ಎಷ್ಟು ತಿಂಗಳಾಯ್ತು?

6 ತಿಂಗಳು ದಾಟಿದ್ದರೆ ಅದೇ ಬಗೆಯ ಔಷಧಿ ಮತ್ತೆ ಕೆಲಸ ಮಾಡುವ ಸಾಧ್ಯತೆ ಚೆನ್ನಾಗಿರುತ್ತದೆ. ಕೆಲವರಿಗೆ ಆಪರೇಷನ್ನೂ ಆಗಬಹುದು. ಬಿಆರ್‌ಸಿಎ ಜೀನ್ ಪರೀಕ್ಷೆ ಆಗಿರದಿದ್ದರೆ ಈಗ ಕೇಳಿ. ಒಲಾಪರಿಬ್ ಮಾತ್ರೆಯಿಂದ ಎಷ್ಟು ಲಾಭ ಅನ್ನೋದಕ್ಕೆ ಅದು ದೊಡ್ಡ ಸುಳಿವು.

6 ತಿಂಗಳೊಳಗೇ ಮರಳಿದ್ದರೆ ಲೆಕ್ಕ ಬದಲಾಗುತ್ತದೆ. ಸಾಮಾನ್ಯವಾಗಿ ಒಂದೊಂದೇ ಔಷಧಿ ಕೊಡ್ತಾರೆ, ಗಡ್ಡೆ ಕುಗ್ಗುವುದು ಕೆಲವರಲ್ಲಷ್ಟೇ. ಗುರಿ ವಾಸಿ ಮಾಡೋದಲ್ಲ. ಹೊಟ್ಟೆಯ ನೀರು, ನೋವು ಹತೋಟಿಗೆ ತಂದು ಒಂದಷ್ಟು ಕಾಲ ಗಳಿಸೋದು. ಪ್ಯಾಕ್ಲಿಟ್ಯಾಕ್ಸೆಲ್‌ಗೆ ವಾರವಾರ ಬೆಂಗಳೂರಿನ ಕಿದ್ವಾಯಿಗೆ ಅಲೆಯಬೇಕಾದೀತು. ನಾಲ್ಕು ವಾರಕ್ಕೊಮ್ಮೆ ಕೊಡುವ ಲೈಪೊಸೋಮಲ್ ಡಾಕ್ಸೊರುಬಿಸಿನ್ ಆಗುತ್ತಾ ಅಂತ ಕೇಳೋದು ತಪ್ಪಲ್ಲ. ಆರೋಗ್ಯ ಕರ್ನಾಟಕ ಯೋಜನೆ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಕೊಡುತ್ತದೆ. ಜೊತೆಗೆ ಹೋದವರ ಕೂಲಿ ಮಾತ್ರ ಹೋಗಿದ್ದೇ.

ಸಿಎ-125 ಏರಿದರೆ ಡಾಕ್ಟರಿಗೆ ತೋರಿಸಿ, ಗಾಬರಿ ಬೇಡ. 2010ರಲ್ಲಿ 'ಲ್ಯಾನ್ಸೆಟ್' ಪ್ರಕಟಿಸಿದ ಅಧ್ಯಯನದಲ್ಲಿ ಆ ಅಂಕಿ ನೋಡಿಯೇ ಬೇಗ ಕೀಮೋ ಶುರು ಮಾಡಿದವರು ಹೆಚ್ಚು ಕಾಲ ಬದುಕಲಿಲ್ಲ.

ನೋವು ಶಮನದ ಆರೈಕೆ ಕೀಮೋ ಜೊತೆಗೇ ಶುರುವಾಗಬೇಕು, ಎಲ್ಲ ಮುಗಿದ ಮೇಲಲ್ಲ. ಬೆಂಗಳೂರಿನ ಕರುಣಾಶ್ರಯದಲ್ಲಿ ಇದು ಉಚಿತ. ಇಷ್ಟನ್ನೂ ಗಂಡ, ಮಕ್ಕಳಿಗಷ್ಟೇ ಹೇಳಿ ಆಕೆಯನ್ನು ಹೊರಗೆ ಬೆಂಚಿನ ಮೇಲೆ ಕೂರಿಸೋದು ಇನ್ನೂ ನಡೀತಿದೆ. ಒಳಗೆ ಕರೀರಿ.