ಟ್ರಿಗರ್ ಹಗುರ, ಹೊಣೆ ಭಾರ
ಕೊಡಗಿನಲ್ಲಿ ಕೈಲ್ ಪೊಳ್ದ್ ಬಂತೆಂದರೆ ಕೋವಿಗೆ ಪೂಜೆ. ಕೊಡವರಿಗೆ ಲೈಸೆನ್ಸ್ ವಿನಾಯಿತಿಯೂ ಇದೆ. ನ್ಯೂಜಿಲೆಂಡ್‌ಗೆ ಹೋದ ನಮ್ಮವರಿಗೆ ಅದು ಅನ್ವಯಿಸದು. ಅಲ್ಲಿ ಸ್ವಂತ ಕೋವಿ ಇಡಲು ಲೈಸೆನ್ಸ್ ಬೇಕು, ವಯಸ್ಸು ಕನಿಷ್ಠ 16 ಆಗಿರಬೇಕು. 2023ರ ಜೂನ್ 24ರಿಂದ ಕೋವಿಗಳ ನೋಂದಣಿಯೂ ಆರಂಭವಾಗಿದೆ.

ಗುರಿ ಅಭ್ಯಾಸದ ಕ್ಲಬ್‌ಗಳಲ್ಲಿ ಒಂದೊಂದೇ ಗುಂಡು ತುಂಬುವ ಪಾಯಿಂಟ್ 22 ರೈಫಲ್ ಸಾಮಾನ್ಯ. ಟ್ರಿಗರ್ ಬಿಗಿಯಿದ್ದರೆ ಎಳೆಯುವಾಗ ನಳಿಗೆ ಅಲುಗಿ ಗುರಿ ತಪ್ಪುತ್ತದೆ. ಹಾಗೆಂದು ಸ್ಪ್ರಿಂಗ್ ತೀರಾ ಸಡಿಲಿಸಿದರೆ, ಗುಂಡು ತುಂಬಿದ ರೈಫಲ್ ಎಲ್ಲಾದರೂ ತಾಗಿದರೂ ಸಿಡಿದೀತು. ಸ್ಕ್ರೂ ತಿರುಗಿಸಿ ಹೊಂದಿಸುವ ಟ್ರಿಗರ್ ಇದ್ದರೂ ಒಳಗಿನ ಕೊಕ್ಕೆ ಉಜ್ಜುವ ಕೆಲಸವನ್ನು ನುರಿತ ಕೋವಿ ರಿಪೇರಿಯವರಿಗೇ ಬಿಡಬೇಕು.

ಊರಿನಿಂದ ಫೋನ್ ಮಾಡುವಾಗ ನಾವು ಒಂದು ಮಾತು ಕೇಳಿಬಿಡೋಣ: ‘ಕೋವಿಗೂ ಗುಂಡಿಗೂ ಬೇರೆ ಬೇರೆ ಬೀಗ ಹಾಕಿದ್ದೀಯಾ, ಮಗಾ?’