ಹಳದಿಯೆಲ್ಲ ಭಂಡಾರವಲ್ಲ

ಬನದ ಹುಣ್ಣಿಮೆಯಿಂದ ಭರತ ಹುಣ್ಣಿಮೆವರೆಗೆ ಸವದತ್ತಿ ಸೀಮೆಯ ದಾರಿಗಳೆಲ್ಲ ಒಂದೇ ದಿಕ್ಕಿಗೆ ಹರಿಯುತ್ತವೆ. ಮುನವಳ್ಳಿ, ಯರಗಟ್ಟಿ, ಬೈಲಹೊಂಗಲ ಕಡೆಯ ಚಕ್ಕಡಿ ಮತ್ತು ಟ್ರ್ಯಾಕ್ಟರುಗಳು, ಕೊಲ್ಲಾಪುರ, ಸಾಂಗ್ಲಿ, ಸೊಲ್ಲಾಪುರದ ಟೆಂಪೊಗಳು, ಗೋವಾ ಮತ್ತು ತೆಲಂಗಾಣದ ಬಸ್ಸುಗಳು ಎಲ್ಲವೂ ಯಲ್ಲಮ್ಮನ ಗುಡ್ಡದ ಕಡೆಗೇ. ಜೋಗುಳಬಾವಿಯಲ್ಲಿ ಮಿಂದು, ಗುಡ್ಡ ಏರಿ, ಎಣ್ಣೆ ಹೊಂಡ ಮುಟ್ಟಿ, ಪಡ್ಡಲಗಿ ತುಂಬಿಸಿ, ‘ಉಧೋ ಉಧೋ’ ಎನ್ನುತ್ತ ಭಂಡಾರ ಹಾರಿಸದೆ ಯಾತ್ರೆ ಮುಗಿಯುವುದಿಲ್ಲ. ಮರಳುವಾಗ ಪ್ರತಿ ಮನೆಯ ಗಂಟಿನಲ್ಲೂ ಎರಡು ಪೊಟ್ಟಣ ಇದ್ದೇ ಇರುತ್ತವೆ. ಒಂದು ಹಳದಿ ಭಂಡಾರ, ಒಂದು ಕೆಂಪು ಕುಂಕುಮ. ಬರಲಾಗದ ಮುದುಕಿಗೆ, ನೆರೆಮನೆಗೆ, ಬೀಗರಿಗೆ ಅದೇ ಪ್ರಸಾದ.

ಆ ಹಳದಿ ಪುಡಿಯಲ್ಲಿ ಅರಿಶಿಣ ಎಷ್ಟು? ಜಾತ್ರೆಗಳಲ್ಲಿ ಭಂಡಾರವೆಂದು ಬಿಕರಿಯಾಗುವುದೆಲ್ಲ ಅರಿಶಿಣವಲ್ಲ ಎಂಬುದು ನಮ್ಮ ಕಡೆ ಗುಟ್ಟೇನಲ್ಲ. ಗೊತ್ತಿದ್ದೂ ಕೊಳ್ಳುತ್ತೇವೆ. ದೂರದಿಂದ ಬಂದವರು ಗೊತ್ತಿಲ್ಲದೆ ಕೊಳ್ಳುತ್ತಾರೆ.

ಲೆಕ್ಕ ಹಾಕಿದರೆ ಸಾಕು, ಪ್ರಯೋಗಾಲಯ ಬೇಕಿಲ್ಲ. 2023–24ರಲ್ಲಿ ಅರಿಶಿಣದ ಧಾರಣೆ ಕ್ವಿಂಟಲ್‌ಗೆ 15 ಸಾವಿರ ರೂಪಾಯಿ ದಾಟಿತ್ತು. ಎಂದರೆ ಮಾರುಕಟ್ಟೆಯ ಕಟ್ಟೆಯ ಮೇಲೇ ಕೊಂಬು ಕಿಲೋಗೆ ನೂರೈವತ್ತು. ಅದಕ್ಕೆ ದಲಾಲಿ, ಸಾಗಣೆ, ಗಿರಣಿ, ಹಾರಿಹೋಗುವ ಪುಡಿ, ಅಂಗಡಿಯ ಬಾಡಿಗೆ ಸೇರಬೇಕು. ಬೆರಕೆಗೆ ಬಳಸುವ ಮೆಕ್ಕೆಜೋಳದ ಪಿಷ್ಟವೋ ಮರಗೆಣಸಿನ ಪಿಷ್ಟವೋ ಅದರ ಅರ್ಧ ಬೆಲೆಯೂ ಇಲ್ಲ. ಸುಣ್ಣಕಲ್ಲಿನ ಪುಡಿ, ಬಳಪದ ಕಲ್ಲಿನ ಪುಡಿ ಇನ್ನೂ ಅಗ್ಗ. ಹೀಗಿರುವಾಗ ಕೊಂಬಿಗಿಂತ ಕಡಿಮೆ ಬೆಲೆಗೆ ಕೊಂಬಿನ ಪುಡಿ ಮಾರುವವನು ದಾನಶೂರ ಆಗಿರಬೇಕು, ಇಲ್ಲವೇ ಆ ಪುಡಿ ಬೇರೆಯದಾಗಿರಬೇಕು.

ನಿಜವಾದ ಅರಿಶಿಣದ ದಾರಿ ದೂರದ್ದು. ಹೊಲದಿಂದ ಕಿತ್ತ ಹಸಿ ಗಡ್ಡೆಯನ್ನು ಕುದಿಸಬೇಕು, ವಾರಗಟ್ಟಲೆ ಒಣಗಿಸಬೇಕು, ಡ್ರಮ್ಮಿನಲ್ಲಿ ಉರುಳಿಸಿ ಹೊಳಪು ಕೊಡಬೇಕು. ನೂರು ಕಿಲೋ ಹಸಿ ಗಡ್ಡೆಗೆ ಕೈಗೆ ಬರುವುದು ಇಪ್ಪತ್ತು, ಇಪ್ಪತ್ತೈದು ಕಿಲೋ. ನಮ್ಮ ಜಿಲ್ಲೆಯ ರಾಯಬಾಗ, ಚಿಕ್ಕೋಡಿ ಕಡೆಯ ಬೆಳೆಗಾರರು ನೋಡುವುದು ಸಾಂಗ್ಲಿ ಪೇಟೆಯ ಕಡೆಗೆ. ಆ ಸಾಂಗ್ಲಿ ಅರಿಶಿಣಕ್ಕೆ 2018ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಿತು. ಹತ್ತಿರದ ಹರಿಪುರದಲ್ಲಿ ಅರಿಶಿಣವನ್ನು ನೆಲದೊಳಗಿನ ಗುಂಡಿಗಳಲ್ಲಿ ತುಂಬಿಡುತ್ತಿದ್ದರು. ನಮ್ಮವರು ಜೋಳಕ್ಕೆ ತೋಡುತ್ತಿದ್ದ ಹಗೇವುಗಳ ಅಣ್ಣತಮ್ಮಂದಿರು ಅವು. 2005ರ ಮಹಾಪೂರದಲ್ಲಿ ಅವುಗಳಲ್ಲಿ ಬಹಳಷ್ಟು ಹಾಳಾದವು.

ಕುಂಕುಮದ್ದು ಇನ್ನೂ ನಾಜೂಕು ಕೆಲಸ. ಅರಿಶಿಣ ಕೊಂಬಿನ ಚೂರುಗಳನ್ನು ನಿಂಬೆ ರಸ, ಬಿಳಿಗಾರ, ಪಟಿಕಗಳಲ್ಲಿ ನೆನೆಹಾಕಿ, ನೆರಳಲ್ಲಿ ಒಣಗಿಸಿ, ಕುಟ್ಟಿ ಜರಡಿ ಹಿಡಿದು, ಕೊನೆಗೆ ಸ್ವಲ್ಪ ತುಪ್ಪ ತಿಕ್ಕುತ್ತಾರೆ. ಹಳದಿಯೇ ಕೆಂಪಾಗುವುದು ಬಿಳಿಗಾರದ ಕರಾಮತ್ತು. ಹೀಗೆ ಮಾಡಿದ ಕುಂಕುಮ ಕಣ್ಣು ಕೋರೈಸುವುದಿಲ್ಲ. ಬಣ್ಣ ಸ್ವಲ್ಪ ಮಂಕು, ಇಟ್ಟಿಗೆಯತ್ತ ವಾಲಿದ ಕೆಂಪು. ಪ್ಲಾಸ್ಟಿಕ್ ಬುಟ್ಟಿಯಲ್ಲಿ ಗೋಪುರ ಕಟ್ಟಿಟ್ಟ ಕಡುಗುಲಾಬಿ ಪುಡಿಯ ಪಕ್ಕ ಇದನ್ನಿಟ್ಟರೆ ಗಿರಾಕಿ ಕೈಹಾಕುವುದು ಗುಲಾಬಿಗೇ.

ನಕಲಿಯದು ಒಂದು ಮಧ್ಯಾಹ್ನದ ಕೆಲಸ. ಪಿಷ್ಟ ಸುರಿ, ಬಣ್ಣ ನೀರಲ್ಲಿ ಕದಡಿ ಚಿಮುಕಿಸು, ಸಲಿಕೆಯಲ್ಲೋ ಡ್ರಮ್ಮಿನಲ್ಲೋ ಮಗುಚು, ಒಣಗಿಸಿ ಜರಡಿ ಹಿಡಿ. ಹೋಳಿಯ ಗುಲಾಲು ತಯಾರಾಗುವುದೂ ಹೀಗೆಯೇ. ವಾಸನೆಗೆಂದು ಒಂದಿಷ್ಟು ಅಸಲಿ ಅರಿಶಿಣ ಬೆರೆಸಿದರೆ ಮೂಗೂ ಮೋಸಹೋಗುತ್ತದೆ. ಹಳದಿಗೆ ಮೆಟಾನಿಲ್ ಯೆಲ್ಲೊ, ಕೆಂಪಿಗೆ ರೋಡಮಿನ್ ಬಿ. ಎರಡೂ ಬಟ್ಟೆ, ಕಾಗದ, ಚರ್ಮಕ್ಕೆ ಹಾಕುವ ಬಣ್ಣಗಳು. ಆಹಾರದಲ್ಲಿ ಎರಡಕ್ಕೂ ಅನುಮತಿಯಿಲ್ಲ. ರೋಡಮಿನ್ ಹೆಸರು ಓದುಗರಿಗೆ ನೆನಪಿರಬಹುದು: 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಬಾಂಬೆ ಮಿಠಾಯಿ ಮತ್ತು ಗೋಬಿ ಮಂಚೂರಿಗೆ ಕೃತಕ ಬಣ್ಣ ನಿಷೇಧಿಸಿದಾಗ, ಪರೀಕ್ಷಿಸಿದ 171 ಗೋಬಿ ಮಾದರಿಗಳಲ್ಲಿ 107 ಅಸುರಕ್ಷಿತ ಎಂದು ಬಂದಿತ್ತು. ಗೋಬಿಗೆ ಆದ ಗದ್ದಲ ಕುಂಕುಮಕ್ಕೆ ಆಗಲಿಲ್ಲ.

ಚೀಲ ಗುಡ್ಡಕ್ಕೆ ಬರುವ ಹೊತ್ತಿಗೆ ಅದರ ಊರು ಯಾವುದೆಂದು ಹೇಳುವವರಿರುವುದಿಲ್ಲ. ಚಿಲ್ಲರೆ ಮಾರುವ ಹೆಣ್ಣುಮಗಳು ಸಗಟು ವ್ಯಾಪಾರಿಯಿಂದ ತಂದಿರುತ್ತಾಳೆ, ಅವನು ಇನ್ನೊಬ್ಬನಿಂದ. ಚೀಲದ ಬಾಯಿ ಬಿಚ್ಚಿ, ಲೋಟದಲ್ಲಿ ಅಳೆದು, ಪೊಟ್ಟಣ ಕಟ್ಟಿಕೊಟ್ಟರೆ ಮುಗಿಯಿತು. ಯಾರಾದರೂ “ಇದು ಖರೆ ಅರಿಶಿಣದ್ದ ಹೌದಿಲ್ಲೋ ಯವ್ವಾ?” ಎಂದು ಕೇಳಿದರೆ ಉತ್ತರ ಸಿದ್ಧವಾಗಿರುತ್ತದೆ: “ತಾಯಿ ಮುಂದ ಕುಂತು ಸುಳ್ಳ ಹೇಳ್ತೀನೇನ್ರೀ ಅಣ್ಣಾರ?” ಹೆಚ್ಚಿನ ಸಲ ಆಕೆ ಸುಳ್ಳು ಹೇಳುತ್ತಿರುವುದೂ ಇಲ್ಲ. ಮೋಸಹೋದವರ ಸರಪಳಿಯಲ್ಲಿ ಆಕೆ ಕೊನೆಯಿಂದ ಎರಡನೆಯವಳು, ಅಷ್ಟೆ.

ಈ ವ್ಯಾಪಾರದ ಬುದ್ಧಿ ನಮ್ಮ ಸೀಮೆಯದು ಮಾತ್ರವಲ್ಲ. ಕ್ಯೂಬಾದ ಹವಾನಾದಲ್ಲಿ ಪ್ರವಾಸಿಗನನ್ನು ಬೀದಿಯಲ್ಲೇ ಹಿಡಿದು, ‘ನಮ್ಮ ಬಂಧು ಸಿಗಾರ್ ಫ್ಯಾಕ್ಟರಿಯಲ್ಲಿದ್ದಾನೆ, ಅರ್ಧ ಬೆಲೆಗೆ ಕೊಡಿಸುತ್ತೇನೆ’ ಎಂದು ಒಳಮನೆಗೆ ಕರೆದೊಯ್ಯುತ್ತಾರೆ. ಗಾಜಿನ ಮುಚ್ಚಳದ ಚೆಂದದ ಪೆಟ್ಟಿಗೆಯಲ್ಲಿ ಕೊಹಿಬಾ ಸಿಗಾರ್! ಆ ಕಂಪನಿ ಗಾಜಿನ ಮುಚ್ಚಳದ ಪೆಟ್ಟಿಗೆ ಮಾಡುವುದೇ ಇಲ್ಲ. ಒಳಗಿರುವುದು ಕೀಳು ಎಲೆಯ ಚೂರು. ನಾಳೆ ವಿಮಾನ ಹತ್ತುವವನು ಜಗಳಕ್ಕೆ ಮರಳಿ ಬರುವುದಿಲ್ಲವೆಂಬ ಧೈರ್ಯದ ಮೇಲೆ ಆ ವ್ಯಾಪಾರ ನಿಂತಿದೆ. ಇಲ್ಲಿ ಆ ಧೈರ್ಯ ದುಪ್ಪಟ್ಟು. ಯಾತ್ರಿಕ ಊರಿಗೆ ಮುಟ್ಟಿದ ಮೇಲೆ ಮೋಸ ತಿಳಿದರೂ ದೇವರ ಪ್ರಸಾದಕ್ಕೆ ಹೆಸರಿಡಲು ನಾಲಿಗೆ ಬರುವುದಿಲ್ಲ.

ಇನ್ನೂ ಒಂದು ವ್ಯತ್ಯಾಸವಿದೆ, ನನ್ನ ಲೆಕ್ಕದಲ್ಲಿ ಅದೇ ಮುಖ್ಯ. ಸಿಗಾರಿಗೆ ಮಾಲೀಕನಿದ್ದಾನೆ, ಪೆಟ್ಟಿಗೆಗೆ ಸರ್ಕಾರಿ ಮುದ್ರೆಯಿದೆ. 2024ರ ಜನವರಿಯಲ್ಲಿ ಹೈದರಾಬಾದಿನಲ್ಲಿ ನಕಲಿ ಮೈಸೂರು ಸ್ಯಾಂಡಲ್ ಸಾಬೂನು ಸಿಕ್ಕಾಗ, ನಮ್ಮ ಸಾಬೂನು ಕಾರ್ಖಾನೆಯವರೇ ಪೊಲೀಸರ ಬಾಗಿಲು ತಟ್ಟಿದರು. ಅದು ಅವರ ಮಾಲು, ಅವರ ಹೆಸರು. ಭಂಡಾರ ಯಾರ ಮಾಲು? ದೂರು ಕೊಡಲು ವಾರಸುದಾರನೇ ಇಲ್ಲ.

ಕಾನೂನಿನ ಸಂದಿಯೂ ಇಲ್ಲೇ ಇದೆ. ತಿನ್ನುವ ಅರಿಶಿಣ ಪುಡಿಗೆ ಕಟ್ಟುನಿಟ್ಟಾದ ಮಾನದಂಡವಿದೆ: ಹೊರಗಿನ ಬಣ್ಣ ಇರಕೂಡದು, ಸೀಸದ ಕ್ರೋಮೇಟ್ ಇರಕೂಡದು, ಪಿಷ್ಟ ನೂರಕ್ಕೆ 60 ಮೀರಕೂಡದು. ಹಚ್ಚಿಕೊಳ್ಳುವ ಕುಂಕುಮ ಸೌಂದರ್ಯವರ್ಧಕಗಳ ಕಾಯ್ದೆಗೆ ಬರುತ್ತದೆ. ಅಲ್ಲಿ ಬಣ್ಣಕ್ಕಾಗಿ ಸೀಸ, ಪಾಷಾಣಗಳ ಸಂಯುಕ್ತ ಬಳಸುವುದಕ್ಕೆ ನಿಷೇಧವಿದೆ. ಆದರೆ ಪೊಟ್ಟಣದ ಮೇಲೆ ‘ಪೂಜೆಗೆ ಮಾತ್ರ’ ಎಂದು ಅಚ್ಚು ಹಾಕಿಬಿಟ್ಟರೆ ಅದು ತಿನ್ನುವುದೂ ಅಲ್ಲ, ಹಚ್ಚುವುದೂ ಅಲ್ಲ ಎಂದು ವಾದಿಸಿ ಜಾರಿಕೊಳ್ಳಬಹುದು. ಬಿಡಿ ಮಾರಾಟಕ್ಕೆ ಅಷ್ಟೂ ಬೇಕಿಲ್ಲ. ಯಲ್ಲಮ್ಮನ ಭಂಡಾರವನ್ನು ಪೂಜೆಗೆ ಮಾತ್ರ ಬಳಸಿದವರು ಯಾರಿದ್ದಾರೆ? ಹಣೆ ತುಂಬ ಬಳಿಯುತ್ತಾರೆ, ಕೂಸಿನ ಬಾಯಿಗೂ ಚಿಟಿಕೆ ಇಡುತ್ತಾರೆ, ಗಾಳಿಗೆ ತೂರಿದ್ದು ನೂರಾರು ಜನರ ಕಣ್ಣು, ಮೂಗಿಗೆ ಹೋಗುತ್ತದೆ.

ಹಾಗಾದರೆ ಗುರುತಿಸುವುದು ಹೇಗೆ? ಅಯೋಡಿನ್ ಹಾಕಿ ನೋಡಿ ಎನ್ನುವವರಿದ್ದಾರೆ. ವ್ಯರ್ಥ. ಅರಿಶಿಣದಲ್ಲೇ ಪಿಷ್ಟವಿರುವುದರಿಂದ ಅಸಲಿಯೂ ನೀಲಿಗಟ್ಟುತ್ತದೆ. ಸೂಕ್ಷ್ಮದರ್ಶಕದಲ್ಲಿ ಮಾತ್ರ ಭೇದ ಕಾಣುತ್ತದೆ: ಕುದಿಸಿದ ಅರಿಶಿಣದ ಪಿಷ್ಟ ಅಂಟಾಗಿ ಮುದ್ದೆಯಾಗಿರುತ್ತದೆ, ಹೊರಗಿನಿಂದ ಬೆರೆಸಿದ ಹಸಿ ಪಿಷ್ಟದ ಕಾಳು ಬಿಡಿಬಿಡಿಯಾಗಿರುತ್ತದೆ. ನಿಂಬೆ ಹಿಂಡಿ ಮೆಟಾನಿಲ್ ಹಿಡಿಯುತ್ತೇವೆಂಬುದೂ ಸಾಗುವ ಮಾತಲ್ಲ, ಅದಕ್ಕೆ ಪ್ರಯೋಗಾಲಯದ ಕಟು ಆಮ್ಲವೇ ಬೇಕು. ಆರತಿ ನೀರಿಗೆ ಸುಣ್ಣ ಹಾಕಿದಾಗ ಅರಿಶಿಣ ಕೆಂಪಾಗುತ್ತದಲ್ಲ, ಆ ಪರೀಕ್ಷೆ ಅರ್ಧ ಸತ್ಯ ಹೇಳುತ್ತದೆ. ಕೆಂಪಾಗದಿದ್ದರೆ ಅದರಲ್ಲಿ ಅರಿಶಿಣವಿಲ್ಲ. ಕೆಂಪಾದರೆ ಒಂದಿಷ್ಟಾದರೂ ಇದೆ, ಆದರೆ ಜೊತೆಗೆ ಇನ್ನೇನಿದೆ ಎಂಬುದನ್ನು ಸುಣ್ಣ ಹೇಳಲಾರದು.

ಮನೆಯಲ್ಲಿ ನಂಬಬಹುದಾದದ್ದು ನೀರಿನ ಲೋಟ. ಒಂದು ಚಮಚ ಪುಡಿ ಹಾಕಿ ಸುಮ್ಮನೆ ಬಿಡಿ. ಅಸಲಿಯಾದರೆ ಪುಡಿ ತಳ ಸೇರಿ ನೀರಿಗೆ ತೆಳು ಹಳದಿಯಷ್ಟೇ ಉಳಿಯುತ್ತದೆ, ಏಕೆಂದರೆ ಅರಿಶಿಣದ ಬಣ್ಣ ಎಣ್ಣೆಯಲ್ಲಿ ಕರಗುತ್ತದೆ, ನೀರಿಗೆ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಬಣ್ಣದ ಪುಡಿಯಾದರೆ ನೀರೆಲ್ಲ ಗಾಢ ಹಳದಿ. ನಕಲಿ ಕುಂಕುಮವಾದರೆ ಕ್ಷಣದಲ್ಲಿ ಗುಲಾಬಿ ಎಳೆಗಳು ಇಳಿಯುತ್ತವೆ. ಇನ್ನೊಂದು ಸಾಕ್ಷಿ ಅಗಸನ ಕಲ್ಲಿನ ಮೇಲಿದೆ. ಜಾತ್ರೆಗೆ ಹಾಕಿಕೊಂಡು ಹೋದ ಬಿಳಿ ಅಂಗಿಯ ಕಲೆ ಸಾಬೂನು ತಾಗಿದ ಕೂಡಲೆ ಕೆಂಪಾಗಿ, ಬಿಸಿಲಿಗೆ ಹರವಿದರೆ ದಿನದಿನಕ್ಕೆ ಮಾಸುತ್ತಿದ್ದರೆ ಅದು ಅರಿಶಿಣ. ಸಾಬೂನಿಗೂ ಬಿಸಿಲಿಗೂ ಜಗ್ಗದೆ ಹಳದಿಯಾಗೇ ನಿಂತರೆ ಅದು ಬಟ್ಟೆಯ ಬಣ್ಣ. ಅದು ಹುಟ್ಟಿದ್ದೇ ಬಟ್ಟೆಗಾಗಿ.

ಹಾನಿಯ ಮಾತನ್ನು ಹಿಗ್ಗಿಸಿ ಹೇಳಬೇಕಿಲ್ಲ. ಹಣೆಯ ತುರಿಕೆ, ಕಪ್ಪು ಕಲೆ ಚರ್ಮವೈದ್ಯರಿಗೆ ಹಳೆಯ ಪರಿಚಯ. ಭಯಪಡಬೇಕಾದ್ದು ಸೀಸಕ್ಕೆ, ಅದರಲ್ಲೂ ಮಕ್ಕಳಿಗಾಗಿ. 2017ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಅಲ್ಲಿ ಮತ್ತು ಭಾರತದಲ್ಲಿ ಕೊಂಡ 118 ಸಿಂಧೂರದ ಮಾದರಿಗಳನ್ನು ನೋಡಿತು. ಬಹುಪಾಲು ಮಾದರಿಗಳಲ್ಲಿ ಸೀಸವಿತ್ತು. ಸಿಂಧೂರ ಬೇರೆ, ಕುಂಕುಮ ಬೇರೆ, ನಿಜ. ಆದರೆ ಬಿಡಿಯಾಗಿ ಮಾರುವ ಕೆಂಪು ಪುಡಿಗೆ ಆ ಭೇದವನ್ನು ಕಾಪಾಡುವವರು ಯಾರು?

ತಡೆಯಲಾಗದ್ದೇನೂ ಅಲ್ಲ ಇದು. ಬಾಂಗ್ಲಾದೇಶದಲ್ಲಿ ಕೊಂಬಿಗೇ ಸೀಸದ ಕ್ರೋಮೇಟ್ ಬಳಿದು ಮಾರುತ್ತಿದ್ದರು. 2019ರಲ್ಲಿ ನೂರಕ್ಕೆ 47 ಮಾದರಿಗಳಲ್ಲಿ ಸೀಸ ಸಿಕ್ಕಿತ್ತು. ಮಾರುಕಟ್ಟೆಯಲ್ಲೇ ಯಂತ್ರವಿಟ್ಟು ಪರೀಕ್ಷಿಸಿ, ಎಲ್ಲರೆದುರು ದಂಡ ಹಾಕಿದರು. 2021ರ ಹೊತ್ತಿಗೆ ಅದು ಸೊನ್ನೆಗೆ ಇಳಿಯಿತು. ಕೇರಳದಲ್ಲಿ ಶಬರಿಮಲೆ, ಪಂಪಾ, ಎರುಮೇಲಿಗಳಲ್ಲಿ ರಾಸಾಯನಿಕ ಕುಂಕುಮದ ಮಾರಾಟವನ್ನು 2025ರಲ್ಲಿ ಹೈಕೋರ್ಟೇ ನಿಲ್ಲಿಸಿತು.

ಗುಡ್ಡಕ್ಕೆ ಈಗ ಹಣವೂ ಇದೆ, ಯಜಮಾನರೂ ಇದ್ದಾರೆ. 2024ರಲ್ಲಿ ರೇಣುಕಾ ಯಲ್ಲಮ್ಮ ಕ್ಷೇತ್ರಕ್ಕೆ ಪ್ರತ್ಯೇಕ ಪ್ರವಾಸೋದ್ಯಮ ಅಭಿವೃದ್ಧಿ ಮಂಡಳಿಯ ಕಾನೂನು ಬಂತು. ಅದೇ ವರ್ಷ ಕೇಂದ್ರದಿಂದ ಸುಮಾರು 100 ಕೋಟಿ ರೂಪಾಯಿಯ ಯೋಜನೆ ಮಂಜೂರಾಯಿತು. ಕಟ್ಟಡ, ರಸ್ತೆ, ನೆರಳು ಎಲ್ಲ ಬರಲಿ. ಅದರ ಜೊತೆಗೆ ರಾಯಬಾಗದ ರೈತನಿಂದ ನೇರವಾಗಿ ಕೊಂಬು ಕೊಂಡು, ಗುಡ್ಡದ ಬುಡದಲ್ಲೇ ಬೀಸಿ, ದೇವಸ್ಥಾನದ ಮುದ್ರೆ ಒತ್ತಿ, ಈಗ ಭಂಡಾರ ಮಾರುತ್ತಿರುವ ಹೆಣ್ಣುಮಕ್ಕಳ ಕೈಯಿಂದಲೇ ಮಾರಿಸಲಿ. ಬೆಲೆ ಹೆಚ್ಚಾದರೆ ಪೊಟ್ಟಣ ಚಿಕ್ಕದಾಗಲಿ. ಭಂಡಾರಕ್ಕೆ ಒಬ್ಬ ವಾರಸುದಾರ ಹುಟ್ಟಿದ ದಿನ ನಕಲಿಯ ಮೇಲೆ ದೂರು ಕೊಡುವವರೂ ಹುಟ್ಟುತ್ತಾರೆ.

ಅಲ್ಲಿಯವರೆಗೆ ಜಾತ್ರೆಗೆ ಹೊರಡುವವರು ಊರಿನ ಕಿರಾಣಿ ಅಂಗಡಿಯಲ್ಲಿ ಕಾಲು ಕಿಲೋ ಕೊಂಬು ಕೊಂಡು, ಗಿರಣಿಯಲ್ಲಿ ಬೀಸಿಸಿ, ಗಂಟಿನಲ್ಲಿ ಕಟ್ಟಿಕೊಂಡೇ ಗುಡ್ಡ ಏರುವುದು ಲೇಸು.